ಬಸ್ಸಿಗೊಂದು ಮಗ್ಗುಲು

"ಯಾರೂ ಮುಟ್ಬ್ಯಾಡಿ. ನಮ್ಮಮ್ಮುಂಗೆ ನಾನೇ ನೀರ್ ಹಾಕೋದು," ಎಂದು ಸರ್ವಮಂಗಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಂಡೆಯೊಳಗೆ ಕೈ ಅದ್ದಿ ನೋಡಿ, "ಇನ್ನೊಂದು ಬಿಂದಿಗೆ ತಣ್ಣೀರು ಬೆರೆಸ್ರೇ, ಸುಡ್ತೈತೆ," ಎಂದಳು. ಸತ್ತವರಿಗೆ ನೀರು ಸುಟ್ಟರೇನು, ತಣ್ಣಗಿದ್ದರೇನು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಪಕ್ಕದ ಮನೆಯ ರಾಮಾಂಜಿನಮ್ಮ ತೊಟ್ಟಿಯ ಕಡೆ ಓಡಿದಳು.

ಹಿತ್ತಿಲಿನಲ್ಲಿ ಹಳೆಯ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಚನ್ನಮಲ್ಲಮ್ಮ, ತುಮಕೂರಿನ ಆಸ್ಪತ್ರೆಯವರು ಸುತ್ತಿಕೊಟ್ಟ ಬಿಳಿ ಬಟ್ಟೆಯಲ್ಲಿ ಹಾಗೇ ಮಲಗಿದ್ದಳು. ಬೆಳಗಿನ ಜಾವ ಉಸಿರು ನಿಂತಿತ್ತು. ಹೊತ್ತು ಏರುವಷ್ಟರಲ್ಲಿ ಆಂಬುಲೆನ್ಸು ಹೊಳವನಹಳ್ಳಿಯ ಬಸ್ ಸ್ಟಾಪಿನ ಎದುರಿನ ಈ ಮನೆಗೆ ಅವಳನ್ನು ತಂದು ಇಳಿಸಿತ್ತು.

ಸೊಸೆ ಶಿವರಂಜನಿ ನೀರೊಲೆಯ ಮುಂದೆ ಕೂತು ಉರಿಗೆ ಸೌದೆ ತಳ್ಳುತ್ತಿದ್ದಳು. ನೀರು ಆಗಲೇ ಕಾದಿತ್ತು, ಉರಿಯ ಅವಶ್ಯಕತೆ ಯಾರಿಗೂ ಇರಲಿಲ್ಲ. ಆದರೆ ಎದ್ದರೆ ಮರೆಯೊಳಗೆ ಹೋಗಬೇಕಾಗುತ್ತದೆ. ಹೋದರೆ ನಾದಿನಿ ಆ ಬಿಳಿ ಬಟ್ಟೆ ಬಿಚ್ಚುವುದನ್ನು ನೋಡಬೇಕಾಗುತ್ತದೆ. ಅದರೊಳಗೆ ಅತ್ತೆಯ ಬೆನ್ನು ಹೇಗಿದೆಯೋ, ವರ್ಷಗಳಿಂದ ಆ ಬೆನ್ನನ್ನು ಕಾದುಕೊಂಡು ಬಂದ ಅವಳಿಗೇ ಈಗ ಗೊತ್ತಿರಲಿಲ್ಲ. ಜ್ವರವೆಂದು ಅತ್ತೆಯನ್ನು ಐಸಿಯುಗೆ ಸೇರಿಸಿದ ಮೇಲೆ ಶಿವರಂಜನಿಯನ್ನು ಯಾರೂ ಒಳಗೆ ಬಿಟ್ಟಿರಲಿಲ್ಲ.

"ಬೇಗ ಆಗ್ಲಿ ತಾಯೀ," ಎಂದು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ನೋರು ಹೊರಗಿನಿಂದ ಕೂಗಿದರು. "ಮೈ ಬಿಗಿಯಾಗ್ಬುಟ್ರೆ ಸಮಾಧಿಗೆ ಕೂರ್ಸೋದು ಕಷ್ಟ ಆಯ್ತದೆ."

*

ಚನ್ನಮಲ್ಲಮ್ಮನ ಆಯುಷ್ಯವೆಲ್ಲ ಕೂತೇ ಕಳೆದದ್ದು. ಗಂಡ ಬೇಗ ಹೋಗಿಬಿಟ್ಟ. ಎರಡು ಮಕ್ಕಳನ್ನು ಸಾಕಲು ಅವಳು ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮುತ್ತುಗದ ಎಲೆ ಹಚ್ಚಿದಳು. ಎಲೆಯ ಮೇಲೆ ಎಲೆ ಇಡುವುದು, ಕಡ್ಡಿ ಚುಚ್ಚುವುದು, ಮುರಿಯುವುದು, ತಿರುಗಿಸುವುದು. ಸುತ್ತಲಿನ ಎಷ್ಟೋ ಮದುವೆ, ಗೃಹಪ್ರವೇಶದ ಊಟಗಳು ಅವಳು ಹಚ್ಚಿದ ಎಲೆಯ ಮೇಲೇ ನಡೆದವು. ಕಣ್ಣು ಎಲೆಯ ಮೇಲಿದ್ದರೂ ಕಿವಿ ರಸ್ತೆಯ ಕಡೆ ಇರುತ್ತಿತ್ತು. ಹಾರನ್ ಕೇಳಿಯೇ ಇದು ಕೊರಟಗೆರೆ ಬಸ್ಸು, ಇದು ಗೌರಿಬಿದನೂರಿನದು ಎಂದು ಹೇಳಿಬಿಡುತ್ತಿದ್ದಳು. ಬಸ್ಸಿಗೆ ಕಾಯುವವರು ಗಡಿಯಾರ ನೋಡುತ್ತಿರಲಿಲ್ಲ, ಅವಳನ್ನೇ ಕೇಳುತ್ತಿದ್ದರು.

ಇನ್ನೊಂದು ಗುಣವಿತ್ತು. ಮನೆಗೆ ಬಂದವರಿಗೆ ಬೆನ್ನು ಹಾಕುತ್ತಿರಲಿಲ್ಲ. ಎದ್ದು ಕಾಫಿ ತರಲು ಹೋಗುವಾಗಲೂ "ಕುಂತಿರಿ, ಬಂದೆ" ಎನ್ನುತ್ತ ಓರೆಯಾಗಿ ಸರಿದು ಬಾಗಿಲು ದಾಟುತ್ತಿದ್ದಳು. ಮೊಮ್ಮಕ್ಕಳು ಅದನ್ನು ಅಣಕಿಸಿ ಒದೆ ತಿಂದಿದ್ದೂ ಉಂಟು.

ಒಂದು ದಿನ ಎಲೆ ಹಚ್ಚುತ್ತಿದ್ದಂತೆಯೇ ಬಲಗೈಯಿಂದ ಕಡ್ಡಿ ಜಾರಿತು. ಲಕ್ವ. ಬಲಭಾಗ ಪೂರಾ ಬಿದ್ದುಹೋಯಿತು. ನಾಲಿಗೆ ತೊದಲತೊಡಗಿತು, ಹಟ ಮಾತ್ರ ತೊದಲಲಿಲ್ಲ. ನಡುಮನೆಯ ಗೋಡೆಗೆ ಒತ್ತಿಕೊಂಡು ಅವಳ ಮಂಚ ಬಿತ್ತು. ನೋಡಲು ಬರುವವರ ಸಾಲು ಮುಗಿಯುತ್ತಲೇ ಇರಲಿಲ್ಲ. ಅವಳು ದಿನವೆಲ್ಲ ದಿಂಬಿಗೆ ಒರಗಿ ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದಳು. ಜಾರಿದರೆ ಮಗ ಪ್ರಭುದೇವ್ ಬಂದು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದು ಕೂರಿಸುತ್ತಿದ್ದ. ಆಸ್ಪತ್ರೆಯಲ್ಲಿ ಮಗ್ಗುಲು ಬದಲಿಸಿ ಎಂದು ಹೇಳಿ ಕಳಿಸಿದ್ದರು. ಶಿವರಂಜನಿ ಗೋಡೆಯ ಕಡೆ ತಿರುಗಿಸಲು ಹೋದರೆ ಅತ್ತೆ ಎಡಗೈಯಿಂದ ಅವಳ ಕೈ ತಳ್ಳುತ್ತಿದ್ದಳು.

"ಬಂದೋರಿಗೆ ಬೆನ್ನಾಕ್ಕಂಡು... ಮಲ್ಗೋ ಮನ್ತನ ಅಲ್ಲ ನಮ್ದು."

ಬಾಲಮೂಳೆಯ ಮೇಲೆ ಒಂದು ಕೆಂಪು ಮಚ್ಚೆ ಕಾಣಿಸಿತು. ಒತ್ತಿದರೂ ಬೆಳ್ಳಗಾಗದ ಕೆಂಪು. ಉಷ್ಣ ಎಂದುಕೊಂಡು ಶಿವರಂಜನಿ ಹರಳೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದಳು. ಚರ್ಮ ಸುಲಿಯಿತು. ಅರಿಸಿನ ಹಾಕಿದಳು. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವ ಪ್ರಭುದೇವ್ ತನ್ನ ಬುದ್ಧಿ ಓಡಿಸಿ, ಪಂಕ್ಚರ್ ಅಂಗಡಿಯಿಂದ ಸ್ಕೂಟರ್ ಟ್ಯೂಬ್ ತಂದು ಗಾಳಿ ತುಂಬಿಸಿ ಅಮ್ಮನ ಕೆಳಗೆ ಇಟ್ಟ. ಗಾಯ ಟ್ಯೂಬಿನ ನಡುವಿನ ತೂತಿನಲ್ಲಿ ಹಾಯಾಗಿರುತ್ತದೆ ಎಂಬುದು ಅವನ ಲೆಕ್ಕ. ಆ ಟ್ಯೂಬು ಸುತ್ತಲಿನ ಮಾಂಸವನ್ನೆಲ್ಲ ಒತ್ತಿ, ನಡುವಿನ ಜಾಗಕ್ಕೆ ರಕ್ತವೇ ಹೋಗದಂತೆ ಮಾಡಿತು. ಇಬ್ಬರೂ ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಗಾಯ ಕಪ್ಪಾಯಿತು. ನಡುಮನೆಯಲ್ಲಿ ಊದುಬತ್ತಿಯ ಖರ್ಚು ಹೆಚ್ಚಿತು.

ಅದೇ ವೇಳೆಗೆ ಸರ್ವಮಂಗಳ ಸಿರಾ ಕಡೆಯ ಗೌಡಗೆರೆಯಿಂದ ಕಡಲೆಕಾಯಿಯ ಚೀಲ ಹೊತ್ತು ಬಂದಳು. ಹೊಸಿಲಲ್ಲೇ ಮೂಗು ಸುಕ್ಕಿಸಿದಳು. ಚೀಲ ಇಳಿಸಿದವಳೇ ಅಮ್ಮನ ಹೊದಿಕೆ ಎತ್ತಿ ನೋಡಿದಳು.

"ಬದುಕಿರೋಳ್ನ ಕೊಳೆಯಾಕೆ ಬುಟ್ಟಿದ್ದೀಯಲ್ಲೇ, ರಂಜನಿ!"

ಕೂಗು ಬಸ್ ಸ್ಟಾಪಿನವರೆಗೂ ಕೇಳಿಸಿತು. ಒಂದು ಲೋಟ ನೀರೂ ಕುಡಿಯದೆ ಅವಳು ಮುಂದಿನ ಬಸ್ಸು ಹತ್ತಿದಳು. ಶಿವರಂಜನಿ ಎದುರು ಮಾತಾಡಲಿಲ್ಲ. ಮಾತು ಸುಳ್ಳಾಗಿದ್ದರೆ ತಾನೆ ಎದುರು ಮಾತಾಡುವುದು. ಆಮೇಲೆ ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಯಾರು ಪಿಸುಗುಟ್ಟಿದರೂ ಅವಳಿಗೆ ಆ ಒಂದೇ ಮಾತು ಕೇಳಿಸುತ್ತಿತ್ತು.

*

"ರಂಜನೀ, ಉರಿ ಬುಡು, ಸಾಕು," ಎಂದು ಹೆಗಲು ಮುಟ್ಟಿದವಳು ಸುನಿತಾ, ಊರಿನ ಆರೋಗ್ಯ ಕೇಂದ್ರದ ನರ್ಸು. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. ಬಂದವಳು ಒಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಸಿಸ್ಟರ್," ಎಂದು ಶಿವರಂಜನಿ ತಗ್ಗಿದ ದನಿಯಲ್ಲಿ ಕೇಳಿದಳು, "ಐಸಿಯುನಲ್ಲಿ ತಿರುಗಿಸ್ತಾರಾ?"

"ತಿರುಗಿಸ್ಬೇಕು."

"ತಿರುಗಿಸ್ಬೇಕು ಅಂತಲ್ಲ. ತಿರುಗಿಸಿರ್ತಾರಾ?"

ಸುನಿತಾ ಸುಳ್ಳು ಹೇಳುವವಳಲ್ಲ. "ನಂಗೆ ಹೆಂಗೆ ಗೊತ್ತಾಗ್ಬೇಕು ಕಣಮ್ಮ? ಅಲ್ಲೂ ಒಳ್ಳೇರೇ ಇರ್ತಾರೆ, ಕೆಲ್ಸ ಜಾಸ್ತಿ. ವಾಸಿಯಾದ ಜಾಗ ಮಾತ್ರ ಯಾವತ್ತೂ ಮೊದ್ಲಿನಷ್ಟು ಗಟ್ಟಿ ಇರಲ್ಲ. ಜ್ವರ ಬೇರೆ ಇತ್ತು, ಊಟ ಇರ್ಲಿಲ್ಲ. ಒಂದ್ ದಿನ ಒಂದೇ ಕಡೆ ಮಲಗಿದ್ರೂ ಬಿಟ್ಕೋಬೋದು."

"ಅಂಗಾಗಿದ್ರೆ ಅಕ್ಕ ಇವತ್ತು ಎಲ್ಲಾರ ಮುಂದೆ..."

"ಅಂದ್ರೆ ಅಂದ್ಕಳ್ಳಿ. ನೀನು ಏನ್ ಮಾಡ್ದೆ ಅಂತ ನಂಗೊತ್ತು."

ಶಿವರಂಜನಿ ತಲೆ ಅಲ್ಲಾಡಿಸಿದಳು. ನಾದಿನಿಯ ಬೈಗುಳವಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅತ್ತೆ ಕೊನೆಯಲ್ಲಿ ಆ ನೋವನ್ನು ಮತ್ತೆ ತಿಂದು ಹೋದಳೇ ಎಂಬುದು ಅವಳಿಗೆ ತಿಳಿಯಬೇಕಿತ್ತು. ಅದನ್ನು ತಿಳಿಯಲು ಆ ಬೆನ್ನನ್ನು ನೋಡದೆ ಬೇರೆ ದಾರಿಯಿರಲಿಲ್ಲ.

*

ಸರ್ವಮಂಗಳ ಬೈದುಹೋದ ಮಾರನೆಯ ದಿನವೇ ಶಿವರಂಜನಿ ಸುನಿತಾಳನ್ನು ಕರೆತಂದಿದ್ದಳು. ಸುನಿತಾ ಗಾಯ ನೋಡಿ ಬೈಯಲಿಲ್ಲ. "ಇದು ನಾನೊಬ್ಳೇ ನೋಡೋದಲ್ಲ," ಎಂದು ಕೊರಟಗೆರೆಯ ಡಾಕ್ಟರ ಹತ್ತಿರ ಕಳಿಸಿದಳು. ಅವರು ಕಪ್ಪಾದ ಸತ್ತ ಚರ್ಮವನ್ನು ಕತ್ತರಿಸಿ ತೆಗೆದು, ಔಷಧ ಬರೆದು, ಗಾಳಿ ತುಂಬಿದ ಹಾಸಿಗೆ ಹಾಕಲು ಹೇಳಿದರು. ಅದರ ಮೋಟಾರಿನ ಸದ್ದು ಕೇಳಿ ಪ್ರಭುದೇವ್, "ಬೇರಿಂಗ್ ಸರಿಯಿಲ್ಲ," ಎಂದು ಬಿಚ್ಚಲು ಹೊರಟಿದ್ದ. ಶಿವರಂಜನಿ ಕೈಮುಗಿದು ತಡೆದಳು.

ಸುನಿತಾ ದಿನಾ ಬಂದು ಕಟ್ಟು ಬದಲಿಸುವುದನ್ನು ಕಲಿಸಿದಳು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಬೇಕು, ತಿಕ್ಕಬಾರದು. ಒದ್ದೆ ಬಟ್ಟೆಯಲ್ಲಿ ಬಿಡಬಾರದು. ಎಳೆದು ಕೂರಿಸಬಾರದು, ಹಾಸಿದ ದುಪ್ಪಟಿಯ ಸಮೇತ ಇಬ್ಬರು ಎತ್ತಿ ಸರಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಕದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ಟ್ಯೂಬು ಪಂಕ್ಚರ್ ಅಂಗಡಿಗೆ ವಾಪಸ್ಸು ಹೋಯಿತು.

"ಗಾಯ ತುಂಬ್ಬೇಕಂದ್ರೆ ಮೈಗೆ ಸತ್ವ ಬೇಕು. ಮೊಟ್ಟೆ ಕೊಡಿ," ಎಂದಳು ಸುನಿತಾ.

"ಶಿವ ಶಿವಾ!" ಆ ದಿನ ಚನ್ನಮಲ್ಲಮ್ಮ ತೊದಲಲೇ ಇಲ್ಲ.

ಹೆಸರುಕಾಳು, ಹುರಿದ ಕಡಲೆಬೀಜದ ಪುಡಿ, ಹಾಲು, ಗಟ್ಟಿ ಮೊಸರು ಎಂದು ರಾಜಿಯಾಯಿತು. ಆದರೆ ಮಗ್ಗುಲಿನ ವಿಷಯದಲ್ಲಿ ಮುದುಕಿ ರಾಜಿಗೆ ಬರಲಿಲ್ಲ. ಗೋಡೆಯ ಕಡೆ ತಿರುಗುವುದಿಲ್ಲ ಎಂದರೆ ಇಲ್ಲ. ಸುನಿತಾ ಹೇಳಿದಳು, ಪ್ರಭುದೇವ್ ಹೇಳಿದ, ಅಯ್ನೋರೂ ಬಂದು ಹೇಳಿದರು. "ಬೆನ್ನಾಕಲ್ಲ" ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಆ ದಿನ ಮಧ್ಯಾಹ್ನ ಶಿವರಂಜನಿ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಅತ್ತೆಯನ್ನು ಗೋಡೆಯ ಕಡೆ ತಿರುಗಿಸಲು ಆಗದಿದ್ದರೆ ಗೋಡೆಯನ್ನೇ ದೂರ ಮಾಡಬಹುದಲ್ಲ ಎನ್ನಿಸಿತು. ಗಂಡನನ್ನು ಕೂಗಿ ಮಂಚದ ಒಂದು ತುದಿ ಅವನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಂಚವನ್ನು ನಡುಮನೆಯ ನಟ್ಟನಡುವೆ ತಂದು ನಿಲ್ಲಿಸಿದರು. ಒಂದು ಕಡೆ ಬೀದಿ ಬಾಗಿಲು, ಇನ್ನೊಂದು ಕಡೆ ಹಿತ್ತಿಲ ಬಾಗಿಲು. ಹಿತ್ತಿಲ ಬಾಗಿಲಿನ ಹತ್ತಿರ ಚಾಪೆ ಹಾಸಿ, ರಾಮಾಂಜಿನಮ್ಮನನ್ನು ಕರೆದು ಮುತ್ತುಗದೆಲೆಯ ಕಟ್ಟು ಬಿಚ್ಚಿ ಕೂರಿಸಿದಳು.

"ಅತ್ತೆ, ಈ ಕಡೇನೂ ಜನ ಅವ್ರೆ. ಎಲೆ ಹೆಂಗ್ ಹಚ್ತಾರೆ ನೋಡ್ರಿ. ನೀವು ಹೇಳ್ಕೊಡ್ದೇ ಇದ್ರೆ ಸಾರೆಲ್ಲ ಸೋರೋಯ್ತದೆ."

ಚನ್ನಮಲ್ಲಮ್ಮ ಎರಡು ಕಡೆಗೂ ನೋಡಿದಳು. ಆಮೇಲೆ ಎಡಗೈ ಎತ್ತಿ, "ತಿರುಗ್ಸು," ಎಂದಳು. ತಿರುಗಿದವಳೇ ರಾಮಾಂಜಿನಮ್ಮನ ಕಡ್ಡಿ ಉದ್ದವಾಯಿತೆಂದು ಬೈಯತೊಡಗಿದಳು.

ಮಗ್ಗುಲಿಗೆ ಹೊತ್ತು ಗೊತ್ತುಮಾಡಿದವಳೂ ಅವಳೇ. ಕೊರಟಗೆರೆ ಬಸ್ಸು ಹಾರನ್ ಹೊಡೆದರೆ ಬೀದಿಯ ಕಡೆ, ಗೌರಿಬಿದನೂರು ಬಸ್ಸಿಗೆ ಹಿತ್ತಿಲ ಕಡೆ. ಶಿವರಂಜನಿ ಹಿಟ್ಟು ನಾದುತ್ತಿದ್ದರೂ ಹಾರನ್ ಕೇಳಿದರೆ ಕೈ ತೊಳೆದು ಬರಬೇಕು. ತಡವಾದರೆ ಮುದುಕಿ ಎಡಗೈಯಿಂದ ಮಂಚದ ಕಂಬಿಯನ್ನು ಟಣಟಣ ಬಡಿಯುತ್ತಿದ್ದಳು. ಸಂತೆಯ ದಿನ ಬಸ್ಸು ತಡವಾದರೆ ಡ್ರೈವರನ ವಂಶವನ್ನೇ ಜಾಲಾಡುತ್ತಿದ್ದಳು. ಮನೆಮಂದಿಯೆಲ್ಲ ಆ ಮಂಚವನ್ನು ಬಳಸಿಕೊಂಡೇ ಓಡಾಡುವುದನ್ನು ಕಲಿತರು. ಹೊಸಬರು ಮೊಣಕಾಲು ತಗುಲಿಸಿಕೊಳ್ಳುತ್ತಿದ್ದರು.

ಗಾಯದ ತಳದಲ್ಲಿ ದಾಳಿಂಬೆ ಬೀಜದಂಥ ಕೆಂಪು ಮಾಂಸ ಚಿಗುರಿದ ದಿನ ಸುನಿತಾ ಶಿವರಂಜನಿಯ ಬೆನ್ನು ತಟ್ಟಿದ್ದಳು. ತುಂಬಿಕೊಳ್ಳಲು ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು. ಕೊನೆಗೆ ತೆಳ್ಳನೆಯ ಚರ್ಮ ಮುಚ್ಚಿಕೊಂಡಿತು. ಸರ್ವಮಂಗಳ ಆಮೇಲೂ ಹಬ್ಬಕ್ಕೆ ಬಂದುಹೋಗುತ್ತಿದ್ದಳು. ಆದರೆ ಹೊದಿಕೆಗೆ ಕೈ ಹಾಕಿದರೆ ಅಮ್ಮ ಗದರುತ್ತಿದ್ದಳು.

"ನೋಡಾಕೆ ಬಂದ್ರೆ ಮಖ ನೋಡು. ಬೆನ್ನಲ್ಲ."

ಹೀಗಾಗಿ ಮಗಳ ಕಣ್ಣಲ್ಲಿ ಉಳಿದದ್ದು ಅಂದಿನ ಕಪ್ಪು ಗಾಯ ಒಂದೇ.

*

"ರಂಜನೀ, ಬಾ ಇಲ್ಲಿ," ಎಂದು ಮರೆಯೊಳಗಿನಿಂದ ಸರ್ವಮಂಗಳ ಕರೆದಳು. "ಒಬ್ಳ ಕೈಲಿ ಹೊಳ್ಳಿಸಾಕಾಗಲ್ಲ."

ಶಿವರಂಜನಿ ಎದ್ದಳು. ಮುಖ, ಎದೆ, ಕೈಕಾಲುಗಳಿಗೆ ನೀರು ಬಿದ್ದಿತ್ತು. ಉಳಿದದ್ದು ಬೆನ್ನು. ಎಷ್ಟೋ ಸಲ ಮಾಡಿದ ಕೆಲಸ ಅವಳ ಕೈಗೆ ಗೊತ್ತಿತ್ತು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅತ್ತೆಯನ್ನು ಮೆಲ್ಲಗೆ ತನ್ನ ಕಡೆ ಹೊರಳಿಸಿಕೊಂಡಳು. ಬೆನ್ನು ಸರ್ವಮಂಗಳಳ ಕಡೆಗಾಯಿತು. ಶಿವರಂಜನಿ ಕಣ್ಣು ಮುಚ್ಚಿಕೊಂಡಳು.

ಬಟ್ಟೆ ಸರಿದ ಸದ್ದು ಕೇಳಿಸಿತು. ರಾಮಾಂಜಿನಮ್ಮ ಮೂಗು ಸೀಟಿದಳು. ಹೊರಗೆ ಯಾರೋ ಬಾಳೆದಿಂಡು ಕಡಿಯುತ್ತಿದ್ದರು.

"ಎಲ್ಲೇ ಅದು?" ಎಂದಳು ಸರ್ವಮಂಗಳ.

ಶಿವರಂಜನಿ ಅತ್ತೆಯ ಭುಜವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಆ ಗಾಯ ಎಲ್ಲೇ, ರಂಜನಿ?"

ಶಿವರಂಜನಿ ಕಣ್ಣು ತೆರೆದು ಅತ್ತೆಯ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಬಾಲಮೂಳೆಯ ಮೇಲೆ ಬೆಳ್ಳನೆಯ ಒಂದು ಕಲೆ, ನುಣುಪಾಗಿ, ಸುತ್ತ ಸ್ವಲ್ಪ ಸುಕ್ಕಾಗಿ. ಅವಳು ಆಸ್ಪತ್ರೆಗೆ ಕಳಿಸಿಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಕೆಂಪಿಲ್ಲ, ಸುಲಿದಿಲ್ಲ. ಸೊಂಟದ ಎರಡೂ ಮಗ್ಗುಲು ಶುಭ್ರ. ಅವಳು ಬಗ್ಗಿ ಹಿಮ್ಮಡಿಗಳನ್ನೂ ನೋಡಿದಳು. ಅವೂ ಚೆನ್ನಾಗಿದ್ದವು. ಅವಳ ಬಾಯಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು ಹೊರಗೆ ಬಂತು.

"ಇದೇ ಅಕ್ಕಾ. ಇಷ್ಟೇ ಉಳಿದಿರೋದು."

ಸರ್ವಮಂಗಳ ಆ ಕಲೆಯ ಮೇಲೆ ಬೆರಳಿಟ್ಟಳು. ಆಮೇಲೆ ಅಂಗೈಯನ್ನು ಬೆನ್ನಿನುದ್ದಕ್ಕೂ ಆಡಿಸಿದಳು. ಎಣ್ಣೆನೀರಿನ ದಿನ ಅಮ್ಮನ ಬೆನ್ನು ತಿಕ್ಕುತ್ತಿದ್ದ ಹುಡುಗಿ ಅವಳು, ಆ ಬೆನ್ನಿನ ಮಚ್ಚೆಗಳು ಅವಳಿಗೆ ಗೊತ್ತಿದ್ದವು.

"ಅಂಗೇ ಐತಲ್ಲೇ... ನಮ್ಮಮ್ಮನ ಬೆನ್ನು ಅಂಗೇ ಐತೆ."

ಚೊಂಬು ಮೊಗೆದವಳು ನೀರು ಹಾಕಲಿಲ್ಲ. ಬೆನ್ನಿಗೆ ನೀರು ಹಾಕುವುದು ಮಗಳ ಹಕ್ಕು ಎಂದು ಬೆಳಗಿನಿಂದ ಯಾರನ್ನೂ ಹತ್ತಿರ ಸೇರಿಸದವಳು, ಚೊಂಬನ್ನು ಹೆಣದ ಮೇಲಿಂದ ಶಿವರಂಜನಿಯ ಕಡೆಗೆ ಚಾಚಿದಳು.

"ತಗೋ. ಬೆನ್ನಿಗೆ ನೀನೇ ಹಾಕು. ನಾನ್ ಹಿಡ್ಕಂತೀನಿ."

ಇಬ್ಬರೂ ಜಾಗ ಬದಲಿಸಿದರು. ಶಿವರಂಜನಿ ನೀರು ಹಾಕಿದಳು. ತಿಕ್ಕಲಿಲ್ಲ, ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದಳು. ಇನ್ನು ಅದರ ಅಗತ್ಯವಿಲ್ಲ ಎಂಬುದು ಅವಳ ಕೈಗೆ ತಿಳಿದಿರಲಿಲ್ಲ.

ಅಯ್ನೋರು ವಿಭೂತಿ ಹಚ್ಚಿ, ಚನ್ನಮಲ್ಲಮ್ಮನನ್ನು ನಡುಮನೆಯಲ್ಲಿ ಕೂರಿಸಿದರು. ಮಲಗಿಯೇ ಇದ್ದವಳು ಎಷ್ಟೋ ವರ್ಷಗಳ ಮೇಲೆ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಳು. ಅಂಗೈಯಲ್ಲಿ ಲಿಂಗ, ಮೈಮೇಲೆ ಹಸಿರು ರೇಷ್ಮೆ ಸೀರೆ. ಮುಂದೆ ಎಲೆಯ ಕಟ್ಟೊಂದು ಇಲ್ಲ ಎನ್ನುವುದು ಬಿಟ್ಟರೆ ಜಗುಲಿಯ ಮೇಲಿನ ಹಳೆಯ ಚನ್ನಮಲ್ಲಮ್ಮನೇ. ಮಂಚವನ್ನು ಹೊರಗೆ ಸಾಗಿಸಿದ್ದರು. ಆದರೂ ಹಾರ ಹಿಡಿದು ಬಂದ ನೆರೆಹೊರೆಯವರು ನಡುವಿನ ಖಾಲಿ ಜಾಗವನ್ನು ಬಳಸಿಕೊಂಡೇ ಹತ್ತಿರ ಹೋಗುತ್ತಿದ್ದರು.

"ಆ ಆಸ್ಪತ್ರೆಯೋರು ಚೆನ್ನಾಗ್ ನೋಡ್ಕಂಡವ್ರೆ ಕಣಯ್ಯ," ಎಂದಳು ಸರ್ವಮಂಗಳ ತಮ್ಮನಿಗೆ.

ಪ್ರಭುದೇವ್ ಗೋಡೆಗೆ ಒರಗಿ ಕೂತಿದ್ದ. "ನೋಡ್ಕಳ್ದೆ ಇರಾಕೆ ಅಮ್ಮ ಎಲ್ಲಿ ಬುಡ್ತು? ಸಿಸ್ಟರೊಬ್ರು ಕೇಳುದ್ರು ನನ್ನ, ಏನ್ ಸರ್, ನಿಮ್ಮ ತಾಯಿ ಸುಮ್ನೆ ಸುಮ್ನೆ ಮಂಚದ ಕಂಬಿ ಬಡೀತಾರೆ, ಬಾಯಿಗೆ ಪೈಪ್ ಹಾಕಿದೀವಿ, ಏನು ಬೇಕು ಅಂತಾನೇ ಗೊತ್ತಾಗಲ್ಲ ಅಂತ. ನಂಗೂ ಹೊಳೀಲಿಲ್ಲ. ಆಮೇಲೆ ಅವ್ರೇ ಕಂಡ್ಕಂಡ್ರಂತೆ, ಮಗ್ಗುಲು ತಿರುಗ್ಸಿದ್ರೆ ಸುಮ್ನಾಯ್ತಾರೆ ಅಂತ."

"ಯಾವಾಗ ಯಾವಾಗ ಬಡೀತಿದ್ರು?" ಎಂದು ಶಿವರಂಜನಿ ಕೇಳಿದಳು.

"ಕಿಟಕಿ ಕೆಳ್ಗೇ ರೋಡು. ಯಾವುದಾರಾ ಬಸ್ಸು..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಹೊಳೆದದ್ದು ಅವನಿಗೂ ಆಗಲೇ. "ಅಯ್ಯೋ ಶಿವನೇ. ಹಾರನ್ನು."

"ತುಮಕೂರಲ್ಲಿ ಹಾರನ್ ನಿಲ್ಲೋದು ಯಾವಾಗ್ರೀ?" ಎಂದಳು ಸುನಿತಾ. "ಪಾಪ, ಆ ಹುಡ್ಗೀರ್ನ ಕೂರಾಕೇ ಬಿಟ್ಟಿರಲ್ಲ ಅಜ್ಜಿ!"

ಮೊದಲು ನಕ್ಕವಳು ಸರ್ವಮಂಗಳ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಮುತ್ತೈದೆಯರು, ಅಯ್ನೋರು, ಹಾರ ತಂದವರು, ಸಾವಿನ ಮನೆ ಎಂಬುದನ್ನು ಸ್ವಲ್ಪ ಹೊತ್ತು ಎಲ್ಲರೂ ಮರೆತರು. ಶಿವರಂಜನಿ ನಗುತ್ತಲೇ ಅತ್ತಳು. ಇನ್ನು ಮೇಲೆ ಹಿಟ್ಟು ನಾದುವಾಗ ಕೈ ತೊಳೆದು ಓಡಬೇಕಾಗಿಲ್ಲ ಎಂದು ಮೈಯೆಲ್ಲ ಹಗುರಾಗಿತ್ತು. ಹಗುರಾದುದಕ್ಕೆ ನಾಚಿಕೆಯಾಗಿ ಸುತ್ತ ನೋಡಿದರೆ ರಾಮಾಂಜಿನಮ್ಮ ಅವಳ ತೊಡೆ ತಟ್ಟಿದಳು.

"ಹಗುರಾಗ್ಲಿ ಬುಡು ತಾಯಿ. ಹೊತ್ತೋಳಿಗೆ ತಾನೇ ಇಳಿಸಿದ್ ಸುಖ."

ಹೆಣವನ್ನು ಕೂರಿಸಿ ಹೊರುವ ವಿಮಾನ ಸಿದ್ಧವಾಗಿತ್ತು. ಬಿದಿರು, ಬಾಳೆದಿಂಡು, ಚೆಂಡುಹೂವು. ಹೊತ್ತು ತಿರುಗಿದ್ದರಿಂದ ತರಾತುರಿಯಲ್ಲಿ ಹಿಂಬದಿಗೆ ಪರದೆ ಕಟ್ಟುವುದನ್ನು ಮರೆತಿದ್ದರು. ನಡುವೆ ಒಂದು ಗಳಕ್ಕೆ ಅವಳನ್ನು ಒರಗಿಸಿ ಹೊಸ ಬಟ್ಟೆಯಿಂದ ಬಿಗಿದಿದ್ದರು. ಆ ಮನೆತನದ ಹೆಂಗಸರು ಸಮಾಧಿಯವರೆಗೆ ಹೋಗುವ ವಾಡಿಕೆಯಿಲ್ಲ. ಶಿವರಂಜನಿ, ಸರ್ವಮಂಗಳ ಜಗುಲಿಯ ಮೇಲೇ ನಿಂತರು. ಜಾಗಟೆ, ಶಂಖ ಶುರುವಾದವು. ವಿಮಾನ ಮೇಲಕ್ಕೆದ್ದು ಬೀದಿಗೆ ಇಳಿಯಿತು.

ಹಿಂದಿನಿಂದ ಕೊರಟಗೆರೆ ಬಸ್ಸು ಬಂದು, ಜನ ಕಂಡು ನಿಂತು, ಗೊತ್ತಿಲ್ಲದೆ ಒಮ್ಮೆ ಹಾರನ್ ಹೊಡೆಯಿತು. ಶಿವರಂಜನಿಯ ಕಾಲು ತಾನಾಗಿಯೇ ಎದ್ದಿತು. ಸರ್ವಮಂಗಳ ಅವಳ ಮುಂಗೈ ಹಿಡಿದುಕೊಂಡಳು, ಬಿಡಲಿಲ್ಲ.

ಮೆರವಣಿಗೆ ದೂರವಾಗುತ್ತ ಹೋಯಿತು. ಯಾರಿಗೂ ಬೆನ್ನು ಹಾಕದ ಚನ್ನಮಲ್ಲಮ್ಮ ಇಡೀ ಊರಿಗೆ ಬೆನ್ನು ಮಾಡಿಕೊಂಡು, ಹಸಿರು ರೇಷ್ಮೆಯಲ್ಲಿ ನೆಟ್ಟಗೆ ಕೂತು, ಬಿಸಿಲಿನಲ್ಲಿ ಹೊರಟಿದ್ದಳು. ಇಬ್ಬರು ಹೆಂಗಸರೂ ಆ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತರು.